ಬಲಕ್ಕೆ ಸರಿದ ಚಕ್ರ

ಕಳೆದ ವರ್ಷ ಸ್ಪಿತಿಯ ದಾರಿಯಲ್ಲಿ ನನ್ನ ಬೈಕಿನ ಹಿಂದಿನ ಟೈರಿಗೆ ಕಲ್ಲಿನ ಚೂಪು ಚೂರೊಂದು ಹೊಕ್ಕಿತು. ಚಕ್ರ ಕಳಚಿ, ಟೈರು ಬಿಚ್ಚಿ, ಟ್ಯೂಬಿಗೆ ತೇಪೆ ಹಾಕಿ ಮತ್ತೆ ಕೂಡಿಸುವಷ್ಟರಲ್ಲಿ ನಾಲ್ಕು ಗಂಟೆ ಕಳೆದು, ಬೆರಳುಗಳು ಮರಗಟ್ಟಿದ್ದವು. ಅಲಾಯ್ ಚಕ್ರಕ್ಕೆ ಟ್ಯೂಬು ಬೇಡ; ಆದರೆ ಅದು ಬಂಡೆಗೆ ಬಡಿದರೆ ಸೀಳುತ್ತದೆ. ಸ್ಪೋಕಿನ ಚಕ್ರ ಪೆಟ್ಟು ತಿಂದು ಬಾಗೀತೇ ಹೊರತು ಸೀಳುವುದು ಕಡಿಮೆ. ಆದರೆ ಸ್ಪೋಕುಗಳ ತೂತಿನಿಂದ ಗಾಳಿ ಸೋರುವುದರಿಂದ ಒಳಗೆ ಟ್ಯೂಬು ಇರಲೇಬೇಕು. ಎರಡರ ಗುಣವೂ ಕೂಡಿದ ರಿಮ್ಮುಗಳು ಈಗ ಬಂದಿವೆ. ಅವುಗಳಲ್ಲಿ ಸ್ಪೋಕುಗಳು ರಿಮ್ಮಿನ ಹೊರ ಅಂಚನ್ನು ಹಿಡಿದುಕೊಳ್ಳುತ್ತವೆ. ಗಾಳಿ ನಿಲ್ಲುವ ಕಡೆ ಒಂದೂ ತೂತಿಲ್ಲ. ಹಿಂದಿನ ಚಕ್ರಕ್ಕೆ ಅಂಥದೊಂದನ್ನು ತರಿಸಿಕೊಂಡು, ಮತ್ತೆ ಉತ್ತರಕ್ಕೆ ಹೊರಡುವ ಐದು ದಿನ ಮೊದಲು, ದೊಡ್ಡಬಳ್ಳಾಪುರದ ಉಮಾಶಂಕರನ ಗ್ಯಾರೇಜಿಗೆ ಹೋದೆ.

"ಸ್ಪೋಕ್ ನಾನು ಕಟ್ಟಲ್ಲ ಗುರು, ನಮ್ಮಕ್ಕ ಕಟ್ತಾಳೆ," ಎಂದ ಉಮಾಶಂಕರ್.

ಅಕ್ಕ ಮುನಿರತ್ನಮ್ಮನಿಗೆ ಐವತ್ತರ ಆಸುಪಾಸು. ಇಪ್ಪತ್ತೆರಡು ವರ್ಷ ರೇಷ್ಮೆ ಮಗ್ಗದ ಶೆಡ್ಡಿನಲ್ಲಿ ದುಡಿದವಳು. ಮಾಲೀಕನು ಮಗ್ಗಗಳನ್ನು ಗುಜರಿಗೆ ಹಾಕಿ ಶೆಡ್ಡನ್ನು ಗೋದಾಮು ಮಾಡಿದ ಮೇಲೆ, ಆರು ತಿಂಗಳಿಂದ ತಮ್ಮನ ಗ್ಯಾರೇಜಿನಲ್ಲಿ ಮೊಪೆಡ್ಡುಗಳ ಚಕ್ರದ ಬೆಂಡ್ ತೆಗೆಯುತ್ತಿದ್ದಳು. ಬರಿಯ ರಿಮ್ಮಿನಿಂದ ಆರಂಭಿಸಿ ಇಡೀ ಚಕ್ರವನ್ನು ಇನ್ನೂ ಒಮ್ಮೆಯೂ ಕಟ್ಟಿರಲಿಲ್ಲ. ಉಮಾಶಂಕರ್ ಅವಳೆದುರಿನಲ್ಲೇ ಷರತ್ತನ್ನು ಹೇಳಿದ: "ಈ ವೀಲು ಸರಿಯಾಗಿ ಕೂತ್ರೆ ಚಕ್ರದ ಕೆಲ್ಸ ಎಲ್ಲ ಅಕ್ಕಂದೇ. ಕೂರ್ಲಿಲ್ವಾ, ಸೋಮವಾರ ಆರೂವರೆಗೆ ಸೋಂಪುರದ ಫ್ಯಾಕ್ಟ್ರಿ ಬಸ್ಸು. ಅಲ್ಲಿ ಹೇಳಿಟ್ಟಿದೀನಿ. ಡಬ್ಬಕ್ಕೆ ಮುಚ್ಚಳ ಹಾಕೋ ಕೆಲ್ಸ."

"ಮುಚ್ಚಳ ಯಾರು ಬೇಕಾದ್ರೂ ಹಾಕ್ತಾರೆ ಕಣೋ," ಎಂದಷ್ಟೇ ಅಂದು ಅವಳು ಸ್ಪೋಕುಗಳ ಕಟ್ಟನ್ನು ಬಿಚ್ಚಿದಳು.

ಮೂಲೆಯ ಬೆಂಚಿನ ಮೇಲೆ ಪಿಳ್ಳಣ್ಣ ಕುಳಿತಿದ್ದರು. ಅವರೂ ಹಳೆಯ ನೇಕಾರರು. ಪೇಪರು ಓದುವ ನೆಪದಲ್ಲಿ ದಿನವೂ ಬರುವವರು.

"ಏನಮ್ಮಾ, ವೀಲಿಗೂ ಜರಿ ಅಂಚು ಹಾಕ್ತೀಯೇನು?"

"ನಿಮ್ಮ ಬಾಯಿಗೆ ಹಾಕ್ತೀನಿ, ಸುಮ್ಕಿರಿ ಪಿಳ್ಳಣ್ಣೋರೇ."

ಅವಳು ಕೆಲಸ ಮಾಡಿದ ರೀತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಮೂವತ್ತಾರು ಸ್ಪೋಕುಗಳನ್ನು ಚಕ್ರದ ನಡುಗುಂಬವಾದ ಹಬ್ಬಿನಿಂದ ರಿಮ್ಮಿಗೆ ಏರಿಸಿದ ಮೇಲೆ ಕಣ್ಣುಮುಚ್ಚಿ ಒಂದೊಂದನ್ನೂ ಉಗುರಿನಿಂದ ಮೀಟುತ್ತಿದ್ದಳು. ದನಿ ತಗ್ಗಿದ್ದರೆ ಕಾಲು ಸುತ್ತು ಬಿಗಿ, ಏರಿದ್ದರೆ ಕಾಲು ಸುತ್ತು ಸಡಿಲ. ಹಾಸಿನ ಎಳೆಗಳಲ್ಲಿ ಒಂದು ಜೋಲಿದರೂ ಸೀರೆಯ ಒಡಲು ಸುಕ್ಕಾಗುತ್ತದೆಂದು ಅವಳ ಬೆರಳುಗಳು ಇಪ್ಪತ್ತೆರಡು ವರ್ಷ ಕಲಿತಿದ್ದವು. ಸಂಜೆಯ ಹೊತ್ತಿಗೆ ಮೂವತ್ತಾರೂ ಒಂದೇ ದನಿಯಲ್ಲಿ ನುಡಿದವು. ಸ್ಟ್ಯಾಂಡಿನ ಮೇಲೆ ತಿರುಗಿಸಿದರೆ ಚಕ್ರ ಅತ್ತಿತ್ತ ಕೂದಲೆಳೆಯಷ್ಟೂ ಓಲಾಡಲಿಲ್ಲ. ಪಿಳ್ಳಣ್ಣನವರು ಪೇಪರು ಮಡಚಿಟ್ಟು ನೋಡಿದರು.

ಮರುದಿನ ಬೆಳಿಗ್ಗೆ ಟೈರು ಹಾಕಿ, ಗಾಳಿ ತುಂಬಿ, ಚಕ್ರವನ್ನು ಬೈಕಿಗೆ ಕೂಡಿಸಿದೆವು. ಆಗ ಕಂಡಿತು. ತಿರುಗುವುದೇನೋ ನೇರವಾಗಿಯೇ ತಿರುಗುತ್ತಿತ್ತು. ಆದರೆ ಇಡೀ ಚಕ್ರ ನಡುವನ್ನು ಬಿಟ್ಟು ಬಲಕ್ಕೆ ಸರಿದಿತ್ತು. ಅಳೆದರೆ ಐದು ಮಿಲಿಮೀಟರು.

ಉಮಾಶಂಕರ್ ಒಂದು ನಿಮಿಷ ಕುಕ್ಕರುಗಾಲಿನಲ್ಲಿ ಕುಳಿತು ನೋಡಿ ಎದ್ದ. "ರಿಮ್ಮೇ ಡಿಫೆಕ್ಟು ಗುರು. ಅಕ್ಕನ ಕೈ ನೋಡಿದ್ರಲ್ಲ, ಒಂದೂ ಹೆಚ್ಚುಕಮ್ಮಿ ಇಲ್ಲ. ವಾಪಸ್ ಕಳ್ಸಿ, ಬೇರೆ ಕಳಿಸ್ತಾರೆ."

ನಾನು ನಂಬಿದೆ. ಬೇರೆ ರಿಮ್ಮು ಬರಲು ಎರಡು ವಾರ ಬೇಕು. ಆ ವೇಳೆಗೆ ನನ್ನ ಪ್ರಯಾಣದ ದಿನಗಳು ಮುಗಿದುಹೋಗುತ್ತವೆ. ಆದರೂ ತಪ್ಪು ಇಲ್ಲಿಯದಲ್ಲವೆಂದು ಒಪ್ಪಿ, ಮಾರಿದವರಿಗೆ ಕಳುಹಿಸಲು ಫೋಟೊ ತೆಗೆಯತೊಡಗಿದೆ. ಮುನಿರತ್ನಮ್ಮ ಬೈಕಿನ ಹಿಂದೆ ಕುಳಿತಳು. ಒಮ್ಮೆ ಎಡದ ಸ್ಪೋಕನ್ನು, ಒಮ್ಮೆ ಬಲದ ಸ್ಪೋಕನ್ನು ಮುಟ್ಟಿದಳು. ಬಳಿಕ ಅಂಗೈಯನ್ನು ಹಬ್ಬಿನ ಎಡ ಬದಿಗೆ ಇಟ್ಟು, ಅಲ್ಲಿಂದ ರಿಮ್ಮಿನ ನಡುವಿನವರೆಗೆ ಗೇಣಿನಲ್ಲಿ ಅಳೆದಳು. ಬಲಕ್ಕೂ ಹಾಗೆಯೇ ಅಳೆದಳು.

"ಫೋಟೊ ಬೇಡ ಕಣಪ್ಪಾ," ಎಂದಳು. "ರಿಮ್ಮು ಸರಿಯಾಗೈತೆ. ತಪ್ಪು ನಂದು."

"ಅಕ್ಕಾ, ಸುಮ್ನಿರು," ಎಂದ ತಮ್ಮ, ದನಿ ತಗ್ಗಿಸಿ.

"ನೀನು ಸುಮ್ನಿರೋ ಉಮಾ. ಎಡಗಡೆ ಚೈನು ಐತಲ್ಲ, ಅದಕ್ಕೆ ಜಾಗ ಬಿಡೋಕೆ ಆ ಕಡೆ ಸ್ಪೋಕು ಕಡ್ಡಿ ಎಲ್ಲ ನೆಟ್ಟಗೆ ನಿಂತವೆ. ಬಲಗಡೆವು ವಾರೆಯಾಗವೆ. ನೆಟ್ಟಗಿರೋನು ಪಕ್ಕಕ್ಕೆ ಎಳೆಯೋದು ಕಮ್ಮಿ, ವಾರೆ ನಿಂತೋನು ಎಳೆಯೋದು ಜಾಸ್ತಿ. ನಾನು ಇಬ್ಬರಿಗೂ ಒಂದೇ ಬಿಗಿ ಕೊಟ್ಬಿಟ್ಟೆ. ಬಲಗಡೆಯೋರು ಗೆದ್ದವ್ರೆ."

ಉಮಾಶಂಕರನ ಮುಖ ಕೆಂಪೇರಿತು. ಗಿರಾಕಿಯ ಮುಂದೆ ತಾನು ಸುಳ್ಳನಾದದ್ದು ಅವನಿಗೆ ಸಹಿಸಲಾಗಲಿಲ್ಲ. "ಹಂಗಾದ್ರೆ ಸೋಮವಾರ ಬಸ್ಸು ಹತ್ತು, ಇನ್ನೇನು!"

ಅವಳು ನನ್ನ ಕಡೆ ನೋಡಿದಳು. ತಪ್ಪನ್ನು ರಿಮ್ಮಿನ ಮೇಲೆ ಹೊರಿಸಿ ಸುಮ್ಮನಿದ್ದಿದ್ದರೆ ಕೆಲಸ ಅವಳದಾಗಿಯೇ ಉಳಿಯುತ್ತಿತ್ತು. ಅದನ್ನು ತಿಳಿದೂ ಬಾಯಿಬಿಟ್ಟವಳ ಕೈಗೆ ಚಕ್ರವನ್ನು ಇನ್ನೊಮ್ಮೆ ಕೊಡದಿರಲು ನನಗೆ ಕಾರಣ ಕಾಣಲಿಲ್ಲ.

"ಸರಿಮಾಡೋಕೆ ಆಗುತ್ತಾ ಅಮ್ಮಾ?"

"ಸೀರೆ ನೇಯೋವಾಗ ಜರಿ ಅಂಚಿನ ಎಳೆಗಳನ್ನ ಒಡಲಿನ ಜೊತೆ ಕಟ್ತಿರ್ಲಿಲ್ಲ. ಬೇರೆ ಸುತ್ತಿ, ಬಿಗಿಗೆ ಬೇರೆ ತೂಕ ನೇತಾಕ್ತಿದ್ವು. ಅದು ಗೊತ್ತಿದ್ದೂ ಮರೆತೆ ನೋಡಿ." ಬೆಂಚಿನ ಕಡೆ ತಿರುಗಿದಳು. "ಪಿಳ್ಳಣ್ಣೋರು ನಿನ್ನೇನೇ ಹೇಳಿದ್ರು, ನಾನೇ ಬಾಯಿ ಮುಚ್ಚಿಸ್ದೆ."

"ನಾನು ತಮಾಷೆಗೆ ಅಂದದ್ದಮ್ಮಾ," ಎಂದರು ಪಿಳ್ಳಣ್ಣ, ತುಸು ಗಾಬರಿಯಿಂದಲೇ.

ಹಳೆಯ ಬಗೆಯ ಚಕ್ರವಾಗಿದ್ದರೆ ಬಿಗಿದ ಸ್ಪೋಕಿನ ತುದಿ ಟ್ಯೂಬಿಗೆ ಚುಚ್ಚೀತೆಂದು ಟೈರು ಬಿಚ್ಚಿ ನೋಡಬೇಕಾಗುತ್ತಿತ್ತೇನೋ. ಇದರ ಸ್ಪೋಕುಗಳು ಹೊರಗೇ ಇದ್ದುದರಿಂದ ಗಾಳಿಯನ್ನೂ ತೆಗೆಯದೆ ಅವಳು ಮಧ್ಯಾಹ್ನದವರೆಗೆ ಕುಳಿತಳು. ಬಲಕ್ಕೆ ಕಾಲು ಸುತ್ತು ಸಡಿಲ, ಎಡಕ್ಕೆ ಕಾಲು ಸುತ್ತು ಬಿಗಿ. ಪ್ರತಿ ಸುತ್ತಿಗೂ ಒಂದು ಕ್ಷಣ ತಡೆಯುತ್ತಿದ್ದಳು. ಸಮವಾಗಿದ್ದುದನ್ನು ಬೇಕೆಂದೇ ಅಸಮ ಮಾಡಲು ಅವಳ ಬೆರಳು ಹಿಂಜರಿಯುತ್ತಿದ್ದುದು ಕಾಣುತ್ತಿತ್ತು. ಕೊನೆಗೆ ಎಡದ ಹದಿನೆಂಟು ಒಂದು ದನಿ, ಬಲದ ಹದಿನೆಂಟು ಅದಕ್ಕಿಂತ ತಗ್ಗಿದ ಇನ್ನೊಂದು ದನಿ. ಚಕ್ರ ನಡುವಿಗೆ ಬಂದಿತ್ತು. ಉಮಾಶಂಕರ್ ಎರಡು ಬಾರಿ ಅಳೆದ. ಸ್ಕೇಲನ್ನು ಗೋಡೆಯ ಮೊಳೆಗೆ ನೇತುಹಾಕಿ ಬೇರೆ ಬೈಕಿನ ಕಡೆ ನಡೆದ.

"ಕೂತ್ಕೊಳ್ಳೋಕೆ ಮುಂಚೆ ಎಳೆಗಳು ಒಂದ್ಸಲ ಸಡಿಲ ಆಯ್ತವೆ," ಎಂದಳು ಮುನಿರತ್ನಮ್ಮ. "ನೂರಿನ್ನೂರು ಕಿಲೋಮೀಟ್ರು ಕಲ್ಲಲ್ಲೇ ಓಡ್ಸಿ. ಸೋಮವಾರ ಬೆಳಿಗ್ಗೆ ತನ್ನಿ, ಬಿಗಿ ನೋಡ್ಬೇಕು."

ಸೋಮವಾರ ಅವಳು ಎಲ್ಲಿರುತ್ತಾಳೆಂದು ನಾನು ಕೇಳಲಿಲ್ಲ.

ಆ ಎರಡು ದಿನ ಕುಂದಾಣದ ಸುತ್ತಲಿನ ಬೆಟ್ಟದ ಬುಡ, ಬತ್ತಿದ ಕೆರೆಯಂಗಳ, ಕಲ್ಲುಕ್ವಾರಿಯ ದಾರಿಗಳಲ್ಲಿ ಓಡಿಸಿದೆ. ಒಂದು ಕಡೆ ಮೊಳೆಯೊಂದು ಹೊಕ್ಕಾಗ ಚಕ್ರ ಕಳಚದೆ, ರಬ್ಬರಿನ ಬತ್ತಿಯೊಂದನ್ನು ತುರುಕಿ ಹತ್ತು ನಿಮಿಷದಲ್ಲಿ ಮುಂದೆ ಹೊರಟೆ. ನೆಟ್ಟನೆಯ ದಾರಿಯಲ್ಲಿ ಹ್ಯಾಂಡಲಿನಿಂದ ಕೈ ತೆಗೆದರೆ ಬೈಕು ಯಾವ ಬದಿಗೂ ಎಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಊರಿನ ಕಡೆ ಬರುವಾಗ ಕಂಪನಿಯ ಬಸ್ಸೊಂದು ಎದುರಾಯಿತು. ಕಿಟಕಿಗಳಲ್ಲಿ ಹೆಂಗಸರು, ಒಂದೊಂದು ಮುಖವನ್ನೂ ನೋಡುವಷ್ಟರಲ್ಲಿ ಬಸ್ಸು ದಾಟಿಹೋಯಿತು.

ಗ್ಯಾರೇಜಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಸ್ಟ್ಯಾಂಡಿನ ಮೇಲೆ ಯಾರದೋ ಇನ್ನೊಂದು ಬೈಕಿನ ಚಕ್ರವಿತ್ತು. ಉಮಾಶಂಕರ್ ಅದರ ಬದಿಯಲ್ಲಿ ದೀಪ ಹಿಡಿದು ನಿಂತಿದ್ದ. ಅಕ್ಕ ಕಣ್ಣುಮುಚ್ಚಿ ಸ್ಪೋಕು ಮೀಟುತ್ತಿದ್ದಳು.

"ತಡ ಮಾಡಿದ್ರಲ್ಲಪ್ಪಾ," ಎಂದಳು, ಕಣ್ಣು ತೆರೆಯದೆ. "ಬಸ್ಸು ಹೋಗಿ ಅರ್ಧ ಗಂಟೆ ಆಯ್ತು. ಬೈಕು ಒಳಗೆ ತನ್ನಿ."