ಹನ್ನೆರಡನೇ ರೂಮಿನ ಮುಂದೆ

ಆ ಹೋಟೆಲಿನಲ್ಲಿ ರೂಮಿನ ಹೊರಗೆ ಚಪ್ಪಲಿ ಬಿಟ್ಟವರು ನಾವಿಬ್ಬರೇ. ಉದ್ದನೆಯ ಓಣಿ, ನಡುವೆ ಕೆಂಪು ಜಮಖಾನೆ, ಎರಡೂ ಕಡೆ ಬಿಳಿ ಬಾಗಿಲುಗಳು. ಯಾವ ಬಾಗಿಲ ಮುಂದೆಯೂ ಒಂದು ಜೊತೆ ಚಪ್ಪಲಿ ಇರಲಿಲ್ಲ. ಒಳಗೆ ಯಾರಿದ್ದಾರೆ ಅಂತ ಇವರಿಗೆಲ್ಲ ಹೇಗೆ ತಿಳಿಯುತ್ತದೋ ಅಂದುಕೊಂಡೆ.

ನಮ್ಮೂರು ಮಳವಳ್ಳಿ ಹತ್ತಿರ. ಅಲ್ಲಿ ಯಾರ ಮನೆಗೆ ಹೋದರೂ ಮೊದಲು ಹೊಸಲಿನಾಚೆ ನೋಡುತ್ತೇವೆ. ಹಿಮ್ಮಡಿ ಒಂದೇ ಕಡೆ ಸವೆದ ಚಪ್ಪಲಿ ಇದ್ದರೆ ಬೈರಪ್ಪ ಕೂತಿದ್ದಾನೆ, ಹರಟೆ ಮುಗಿಯುವುದಿಲ್ಲ, ಆಮೇಲೆ ಬಂದರಾಯಿತು. ಪಟ್ಟಿಗೆ ಪಿನ್ನು ಚುಚ್ಚಿದ್ದರೆ ಬಸಕ್ಕ ಒಳಗಿದ್ದಾಳೆ, ಬಾಯಿ ಹುಷಾರು. ಚಪ್ಪಲಿ ಸುಳ್ಳು ಹೇಳುವುದಿಲ್ಲ ಅಂತ ನಾನು ನಂಬಿದ್ದೆ.

"ಮಾವ, ಶೂ ಆಚೆ ಬಿಡಿ" ಅಂದೆ. ಅವರು ಏನೋ ಯೋಚನೆಯಲ್ಲಿದ್ದರು. ಶೂ ಬಿಚ್ಚಿಟ್ಟು ಒಳಗೆ ಬಂದರು.

ಯಶವಂತ್ ನನ್ನ ಗಂಡ. ಅದಕ್ಕೂ ಮೊದಲು ನನ್ನ ಅವ್ವ ಪುಟ್ಟಲಕ್ಷ್ಮಮ್ಮನ ಕಡೇ ತಮ್ಮ. ಅವ್ವನಿಗೆ ಸೊಂಟ ಬಿದ್ದುಹೋದಾಗ ನಾನು ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಮಾವ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಬೆಂಗಳೂರಿಗೆ ಹೋಗಿ, ಆಮೇಲೆ ಕಂಪ್ಯೂಟರ್ ಕೆಲಸದವರಿಗೆ ಜರ್ಮನಿಯವರೂ ಗ್ರೀನ್ ಕಾರ್ಡ್ ಅಂತ ಕೊಟ್ಟಾಗ ಫ್ರಾಂಕ್‌ಫರ್ಟಿನ ಒಂದು ಸಣ್ಣ ಕಂಪನಿಗೆ ಬಂದರು. ಅಷ್ಟು ಓದಿದವರು ನನ್ನನ್ನು ಯಾಕೆ ಮದುವೆಯಾದರು ಅಂತ ನಾನು ಯಾವತ್ತೂ ಕೇಳಿಲ್ಲ. ಅಕ್ಕನಿಗೆ ಮಾತು ಕೊಟ್ಟಿದ್ದರು, ಆದರು. ಮದುವೆಗೆ ಮುಂಚೆ ನಾನು ಅವರನ್ನು 'ನೀನು' ಅನ್ನುತ್ತಿದ್ದೆ. ತಾಳಿ ಬಿದ್ದ ದಿನವೇ ಅವ್ವ ಕೆನ್ನೆ ಹಿಂಡಿ, "ಇನ್ಮೇಲೆ ನೀವು ಅನ್ನು" ಅಂದಿದ್ದಳು.

ನನ್ನನ್ನು ಫ್ರಾಂಕ್‌ಫರ್ಟಿಗೆ ಕರೆತರುವಾಗ ವಾಪಸು ಹೋಗುವ ಟಿಕೆಟ್ಟನ್ನೂ ಸೇರಿಸಿಯೇ ಮಾಡಿಸಿದ್ದರು. ತಾರೀಖು ಆಮೇಲೆ ಹಾಕಿಸಿಕೊಳ್ಳಬಹುದಂತೆ. ಅದು ಸೂಟ್‌ಕೇಸಿನ ಒಳಜೇಬಿನಲ್ಲಿ ಮದುವೆ ಸೀರೆಯ ಕೆಳಗೆ ಇತ್ತು. ಈ ಹೋಟೆಲಿಗೆ ಹೊರಡುವ ಹಿಂದಿನ ವಾರ ಸೀರೆ ಗಾಳಿಗೆ ಹಾಕಲು ತೆಗೆದರೆ ಟಿಕೆಟ್ ಇಲ್ಲ. ಸಂಜೆ ಮಾವನ ಕೋಟು ತಗುಲಿಹಾಕುವಾಗ ಎದೆಜೇಬಿನಲ್ಲಿ ಅದರ ಮೂಲೆ ಕಂಡಿತು. ಅವತ್ತೇ ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಮೆಲ್ಲಗೆ ಹೇಳುತ್ತಿದ್ದರು: "ಅವಳಿಗೆ ಇನ್ನೂ ಹೇಳಿಲ್ಲ ಸ್ಯಾಂಡ್ರಾ. ಹೇಗ್ ಹೇಳ್ಲಿ?"

ಸ್ಯಾಂಡ್ರಾ ಅದೇ ಕಂಪನಿಯ ಆಫೀಸಿನಲ್ಲಿ ಇದ್ದಳು. ಮಂಗಳೂರಿನವಳು. ಜರ್ಮನ್ನನ್ನು ನೀರು ಕುಡಿದ ಹಾಗೆ ಮಾತಾಡುತ್ತಿದ್ದಳು. ನನ್ನನ್ನು ಕಂಡರೆ ತಬ್ಬಿಕೊಳ್ಳುತ್ತಿದ್ದಳು. ತಬ್ಬಿಕೊಂಡಾಗ ನನ್ನ ತಲೆಯ ಮೇಲಿಂದ ಮಾವನನ್ನು ನೋಡುತ್ತಾಳೆ ಅನ್ನುವುದು ನನಗೆ ಗೊತ್ತಾಗುತ್ತಿತ್ತು.

ಏಪ್ರಿಲ್‌ನಲ್ಲಿ ಕಂಪನಿಯವರು ಎಲ್ಲರನ್ನೂ ಹೆಂಡತಿ ಮಕ್ಕಳ ಸಮೇತ ಬಾಲ್ಟಿಕ್ ಕಡಲ ದಂಡೆಯ ಈ ಊರಿಗೆ ಕರೆದುಕೊಂಡು ಬಂದರು. ಹಳೇ ಕಾಲದ ಹೋಟೆಲು. ಮುಂದೆ ಮರಳು, ಮರಳಿನ ಮೇಲೆ ಬೆತ್ತದ ಗೂಡಿನಂಥ ಕುರ್ಚಿಗಳು. ಅದರೊಳಗೆ ಕೋಟು ಹಾಕಿಕೊಂಡು ಮುದುಕ ಮುದುಕಿಯರು ಕಡಲು ನೋಡುತ್ತ ಕೂತಿರುತ್ತಾರೆ. ಆ ಚಳಿಗೆ ನೀರಿಗೆ ಇಳಿಯುವವರೇ ಇರಲಿಲ್ಲ.

ಹೋಟೆಲಿನಲ್ಲಿ ಹೆರ್ ಯೆನ್ಸೆನ್ ಅಂತ ಒಬ್ಬ ಮುದುಕರಿದ್ದರು. ಹಸಿರು ಏಪ್ರನ್ನು, ಬಿಳಿ ಮೀಸೆ. ನಮ್ಮ ಸೂಟ್‌ಕೇಸು ಅವರೇ ಹೊತ್ತು ಹನ್ನೆರಡನೇ ನಂಬರಿನ ರೂಮಿಗೆ ತಂದಿಟ್ಟರು. ಕಿಟಕಿ ತೆಗೆದರೆ ಕಾರು ನಿಲ್ಲಿಸುವ ಜಾಗ. ಅವರು ಹೋದ ಮೇಲೆ ಸ್ಯಾಂಡ್ರಾ ಬಂದು ಇಣುಕಿದಳು.

"ಇದೆಂತ ಮಾರಾಯ್ತಿ, ಮೊದಲ ಸಲ ಬಂದವಳಿಗೆ ಕಾರು ತೋರಿಸ್ತಾರಾ? ನನ್ನ ಹದಿನೈದನೇ ರೂಮಿಗೆ ಕಡಲು ಉಂಟು. ನಾನು ಹುಟ್ಟಿದಲ್ಲಿಂದ ಕಡಲೇ ನೋಡಿದ್ದು, ಸಾಕಾಗಿದೆ. ನೀವು ಅಲ್ಲಿಗೆ ಹೋಗಿ."

ಅವಳೂ ಮಾವನೂ ಬೀಗದ ಕೈ ಬದಲಾಯಿಸಿಕೊಂಡರು. ಮಾವ ಜರ್ಮನ್ನಿನಲ್ಲಿ ಏನೋ ಅಂದರು, ಅವಳು ನಕ್ಕಳು. ಕನ್ನಡ ಬರುವ ಇಬ್ಬರು ಕನ್ನಡ ಬರುವ ನನ್ನ ಮುಂದೆ ಜರ್ಮನ್ ಯಾಕೆ ಆಡಬೇಕು? ಅಷ್ಟು ಒಳ್ಳೆಯ ರೂಮನ್ನು ಯಾರಾದರೂ ಸುಮ್ಮನೆ ಬಿಟ್ಟುಕೊಡುತ್ತಾರೆಯೇ? ಈಗ ಅವಳದಾದ ಹನ್ನೆರಡರ ಬೀಗದ ಕೈ ಅಷ್ಟು ಹೊತ್ತೂ ಇವರ ಕೈಯಲ್ಲೇ ಇತ್ತು. ಅದಕ್ಕೆ ಜೋಡಿ ಇನ್ನೊಂದು ಇದೆಯೋ ಇಲ್ಲವೋ ಯಾರಿಗೆ ಗೊತ್ತು.

ಸಾಮಾನನ್ನು ನಾವೇ ಎಳೆದುಕೊಂಡು ಹದಿನೈದಕ್ಕೆ ಹೋದೆವು. ಚಪ್ಪಲಿ ಆಚೆ ಬಿಟ್ಟೆವು. ಕಡಲು ನೋಡುತ್ತ ಮಾವ ಹಾಗೇ ನಿದ್ದೆ ಹೋದರು.

ಬೆಳಿಗ್ಗೆ ಎದ್ದರೆ ಪಕ್ಕದಲ್ಲಿ ಅವರಿಲ್ಲ. ಸ್ವೆಟರ್ ಹಾಕಿಕೊಂಡು ಬಾಗಿಲು ತೆಗೆದೆ. ನನ್ನ ಪ್ಲಾಸ್ಟಿಕ್ ಚಪ್ಪಲಿ ಇದ್ದಲ್ಲೇ ಇತ್ತು. ಮಾವನ ಶೂ ಇರಲಿಲ್ಲ. ಹೊರಗೆ ಹೋಗಿದ್ದಾರೆ, ಸರಿ. ಮೆಟ್ಟಿಲ ಕಡೆ ನಡೆದೆ. ಎದುರು ಸಾಲಿನಲ್ಲಿ ಹನ್ನೆರಡನೇ ನಂಬರಿನ ಬಾಗಿಲು. ಅದರ ಮುಂದೆ, ಒಂದಕ್ಕೊಂದು ತಾಗಿಸಿ ನೇರವಾಗಿ ಇಟ್ಟ ಮಾವನ ಶೂ.

ಬೇರೆಯವರದಿರಬಹುದು ಅಂತ ಬಗ್ಗಿ ನೋಡಿದೆ. ಎಡಗಾಲಿನದಕ್ಕೆ ನಾನೇ ಹಾಕಿದ ಕಂದು ಲಾಡಿ. ಕರಿ ಲಾಡಿ ಸಿಗದೆ ಹಾಕಿದ್ದೆ. ಅವರದೇ. ಆದರೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮದುವೆ ದಿನ ಕೂಡ ಮಾವ ಶೂಗೆ ಪಾಲಿಶ್ ಹಾಕಿದವರಲ್ಲ. ಹೆಂಡತಿಯ ಮಗ್ಗುಲಿಂದ ಎದ್ದು, ಪಾಲಿಶ್ ಮಾಡಿಕೊಂಡು, ಅವಳ ಬಾಗಿಲ ಮುಂದೆ ಇಷ್ಟು ಮರ್ಯಾದೆಯಿಂದ ಬಿಚ್ಚಿಟ್ಟು ಒಳಗೆ ಹೋಗಿದ್ದಾರೆ!

ಬಾಗಿಲಿಗೆ ಕಿವಿ ಇಟ್ಟೆ. ನೀರು ಬೀಳುವ ಸದ್ದು. ತಟ್ಟಲೇ ಅಂದುಕೊಂಡೆ. ತಟ್ಟಿದರೆ ಏನು ಹೇಳಬೇಕು? ಯಾರ ಎದುರೂ ಬಾಯಿ ಬಿಡದ ಹುಡುಗಿ ನಾನು, ಅಂಗಡಿಯಲ್ಲಿ ಹಾಲು ಬೇಕಾದರೂ ಬೆರಳು ತೋರಿಸುವವಳು.

ಶೂ ಎತ್ತಿಕೊಂಡೆ. ಎದೆಗೆ ಅವುಚಿಕೊಂಡು ನಮ್ಮ ರೂಮಿಗೆ ಬಂದೆ. ಬಾಗಿಲನ್ನು ಒಂದು ಬೆರಳು ಸಂದಿ ಬಿಟ್ಟು ನಿಂತೆ. ಬರಲಿ. ಬರಿಗಾಲಲ್ಲಿ ಅವಳ ರೂಮಿಂದ ಆಚೆ ಬರಲಿ, ಕಣ್ಣಾರೆ ನೋಡುತ್ತೇನೆ. ಆಮೇಲೆ ಅವರೇ ಕಳಿಸಬೇಕಾಗಿಲ್ಲ, ನಾನೇ ಹೋಗುತ್ತೇನೆ.

ಸ್ವಲ್ಪ ಹೊತ್ತಿಗೆ ಹನ್ನೆರಡರ ಬಾಗಿಲು ತೆರೆಯಿತು. ಸ್ಯಾಂಡ್ರಾ ಒಬ್ಬಳೇ ಬಂದಳು, ಒದ್ದೆ ಕೂದಲು. ಬಂದವಳು ಹೊರಗಿಂದ ಬೀಗ ಹಾಕಿದಳು. ಇವರನ್ನು ಒಳಗಿಟ್ಟು ಬೀಗ! ನನ್ನ ಸಂದಿ ಅವಳಿಗೆ ಕಂಡಿತು.

"ಎದ್ದೆಯಾ ಪ್ರೇಮಾ? ಯಶವಂತ್ ಎಲ್ಲಿ? ಹತ್ತು ಗಂಟೆಗೆ ಷೆಫ್ ಮಾತಾಡ್ಲಿಕ್ಕುಂಟು, ಎಲ್ಲರೂ ಕೆಳಗೆ ಇರಬೇಕು."

ಷೆಫ್ ಅಂದರೆ ಅವರ ಯಜಮಾನ. ನಾನು ಅವಳ ಮುಖವನ್ನೇ ನೋಡಿದೆ. ಏನೂ ಗೊತ್ತಿಲ್ಲದವಳ ಹಾಗೆ ಕೇಳುತ್ತಾಳಲ್ಲ!

"ನಿಮಗೇ ಗೊತ್ತಿರಬೇಕು" ಅಂದೆ. ನನ್ನ ದನಿ ನನಗೇ ಹೊಸದಾಗಿತ್ತು.

"ನನಗೆ? ನನಗೆ ಎಂತ ಗೊತ್ತು?" ಅಂದಳು. ತಲೆ ಕೊಡವಿ ಕೆಳಗಿಳಿದು ಹೋದಳು.

ನಾನು ಆ ಬೀಗದ ಮೇಲೆ ಕಣ್ಣಿಟ್ಟು ನಿಂತೇ ಇದ್ದೆ. ಆದರೆ ಮಾವ ಬಂದದ್ದು ಆ ಬಾಗಿಲಿಂದ ಅಲ್ಲ. ಕೆಳಗಿನ ಮೆಟ್ಟಿಲು ಹತ್ತಿ ಬಂದರು. ಪ್ಯಾಂಟು ಮೊಳಕಾಲಿಗೆ ಮಡಚಿತ್ತು, ಕಾಲ ತುಂಬ ಮರಳು. ಬಚ್ಚಲಿಗೆ ಅಂತ ಊರಿಂದ ತಂದ ಹವಾಯಿ ಚಪ್ಪಲಿ ಹಾಕಿದ್ದರು. ಮೂಗು ಚಳಿಗೆ ಕೆಂಪಾಗಿತ್ತು.

"ಪುಟ್ಟಿ, ನನ್ ಶೂ ಒಳಗಿಟ್ಯಾ? ಬೆಳಿಗ್ಗೆ ಹುಡುಕ್ದೆ, ಇರ್ಲಿಲ್ಲ. ನಿನ್ನ ಎಬ್ಬಿಸೋದ್ ಬೇಡ ಅಂತ ಇದನ್ನೇ ಹಾಕ್ಕೊಂಡು ಹೋದೆ. ಕಾಲು ಮರಗಟ್ಟೋಯ್ತು. ಕೊಡು, ಹೊತ್ತಾಯ್ತು."

ಶೂ ನನ್ನ ಬೆನ್ನ ಹಿಂದೆ ಇತ್ತು.

"ಹನ್ನೆರಡನೇ ರೂಮಲ್ಲಿ ಏನ್ ಕೆಲಸ ಇತ್ತು?" ಅಂದೆ.

"ಯಾವ ಹನ್ನೆರಡು?"

"ಅವಳ ಬಾಗಿಲ ಮುಂದೆ ಬಿಟ್ಟಿದ್ರಲ್ಲ. ಪಾಲಿಶ್ ಬೇರೆ."

ಶೂ ಮುಂದೆ ತಂದು ಹಿಡಿದೆ. ಅವರು ನನ್ನನ್ನು ನೋಡಿದರು, ಶೂ ನೋಡಿದರು. ಅರ್ಥವಾದಾಗ ಕಿವಿ ಕೆಂಪಾಯಿತು. ಬೈಯುತ್ತಾರೆ ಅಂದುಕೊಂಡೆ. ಅಷ್ಟರಲ್ಲಿ ಸ್ಯಾಂಡ್ರಾ ಮತ್ತೆ ಮೇಲೆ ಬಂದಳು. ಹಿಂದೆಯೇ ಹೆರ್ ಯೆನ್ಸೆನ್, ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ.

"ಯಶವಂತ್, ಈ ಅಜ್ಜ ನಿಮ್ಮನ್ನೇ ಕೇಳ್ತಿದ್ದಾರೆ. ಶೂ ಸರಿಯಾಗಿ ಹೊಳೆದಿದೆಯಾ ಅಂತ." ಅವಳು ಮುದುಕರ ಮಾತು ಕೇಳಿ ಕೇಳಿ ಹೇಳುತ್ತ ಹೋದಳು. "ಮೊದಲೆಲ್ಲ ಇಲ್ಲಿಗೆ ಬಂದವರು ರಾತ್ರಿ ಶೂ ಬಾಗಿಲ ಹೊರಗೆ ಇಡ್ತಿದ್ದರಂತೆ. ಇಟ್ಟರೆ ಪಾಲಿಶ್ ಮಾಡಿ ಬೆಳಿಗ್ಗೆ ವಾಪಸ್ ಇಡುವುದು ಇವರ ಕೆಲಸವಂತೆ. ಈಗ ಯಾರೂ ಇಡುವುದಿಲ್ಲವಂತೆ. ಕ್ಲೀನಿಂಗಿನವಳು ಓಣಿಯಲ್ಲಿ ಸಿಕ್ಕಿತು ಅಂತ ನಿಮ್ಮ ಶೂ ತಂದು ಕೊಟ್ಟಾಗ ಭಾರೀ ಖುಷಿ ಆಯಿತಂತೆ. ನಿನ್ನೆ ನಿಮ್ಮ ಸಾಮಾನು ತಂದವರು ಇವರೇ ಅಲ್ವಾ, ಅದಕ್ಕೆ ಶೂ ನೋಡಿದ ಕೂಡಲೇ ಯಾರದ್ದು ಅಂತ ಗೊತ್ತಾಯಿತಂತೆ. ಸೀದಾ ಹನ್ನೆರಡಕ್ಕೆ..."

ಅಲ್ಲಿಗೆ ಅವಳು ನಿಲ್ಲಿಸಿದಳು. ನನ್ನನ್ನು ನೋಡಿದಳು.

"ಹನ್ನೆರಡು ಅಂದ್ರೆ ನನ್ನ ಬಾಗಿಲು. ಅಲ್ಲಿ ಇತ್ತಾ ಇದು? ನೀ ಎಂತ ಎಣಿಸಿದ್ದು ಪ್ರೇಮಾ?"

ನಾನು ಶೂವನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡೆ.

"ಅಯ್ಯೋ ದೇವರೇ! ಮಾರಾಯ್ತಿ, ನನಗೂ ಸ್ವಲ್ಪ ರುಚಿ ಅಂತ ಉಂಟು. ಒಂದು ಕರಿ ಲಾಡಿ, ಒಂದು ಕಂದು ಲಾಡಿ ಕಟ್ಟುವ ಗಂಡಸು!" ನಕ್ಕಳು. ನಗು ಪೂರ್ತಿ ಆಗಲಿಲ್ಲ. ಮಾವನ ಕಡೆ ತಿರುಗಿ, "ಫ್ರಾಂಕ್‌ಫರ್ಟಲ್ಲೇ ಹೇಳಿ ಅಂದೆ ನಿಮಗೆ. ಈಗ ನೋಡಿ, ನನ್ನ ಮರ್ಯಾದೆ ಹೋಯಿತು" ಅಂದಳು. ಮುದುಕರನ್ನು ಕರೆದುಕೊಂಡು ಹೋದಳು. ಪಾಪ, ಅವರಿಗೆ ಏನೂ ತಿಳಿಯಲಿಲ್ಲ. ಹೋಗುವಾಗ ನನಗೆ ತಲೆ ಬಾಗಿಸಿದರು.

ಮಾವ ಕೈ ಚಾಚಿದರು. "ಕೊಡು ಪುಟ್ಟಿ."

ಶೂ ವಿಷಯದಲ್ಲಿ ನಾನು ಮೂರ್ಖಳಾದೆ, ಒಪ್ಪಿದೆ. ಆದರೆ ಟಿಕೆಟ್ ತಾನೇ ನಡೆದುಕೊಂಡು ಜೇಬಿಗೆ ಬರಲಿಲ್ಲ.

"ಏನ್ ಹೇಳ್ಬೇಕಿತ್ತು ನಂಗೆ?"

"ಹತ್ತು ಗಂಟೆ ಆಗ್ತಾ ಬಂತು."

"ಹೇಳಿ, ಕೊಡ್ತೀನಿ."

ಅವರು ಮಂಚದ ಅಂಚಿಗೆ ಕೂತರು. ಕಾಲಿನ ಮರಳು ಜಮಖಾನೆಗೆ ಉದುರಿತು. ಆಮೇಲೆ ಹೇಳಿದರು. ಕಂಪನಿ ಮುಚ್ಚುತ್ತದೆ. ಷೆಫ್ ಇವತ್ತು ಅದನ್ನೇ ಹೇಳುವುದು. ಆಫೀಸಿನಲ್ಲಿದ್ದ ಸ್ಯಾಂಡ್ರಾಗೆ ಮೊದಲೇ ಗೊತ್ತಾಗಿ ಇವರಿಗೆ ತಿಳಿಸಿದ್ದಳು. ಬೇರೆ ಕೆಲಸ ಬೇಗ ಸಿಗದಿದ್ದರೆ ವೀಸಾ ತಾಪತ್ರಯ.

"ಸಿಗೋವರೆಗೆ ನೀನು ಅಕ್ಕನ ಹತ್ರ ಇದ್ರೆ ಅಂತ... ಟಿಕೆಟ್‌ಗೆ ಡೇಟ್ ಹಾಕ್ಸೋಣ ಅಂದ್ಕೊಂಡಿದ್ದೆ. ಇನ್ನೂ ಹಾಕ್ಸಿಲ್ಲ."

ಹಾಗಾದರೆ ನನ್ನ ಅನುಮಾನ ಒಂದು ಸುಳ್ಳಾಗಿ ಒಂದು ನಿಜವಾಯಿತು. ಯಾವುದು ದೊಡ್ಡದು ಅಂತ ಆ ಹೊತ್ತಿಗೆ ನನಗೆ ತೂಗಲಾಗಲಿಲ್ಲ. ಊರಿಗೆ ಒಬ್ಬಳೇ ಬಂದವಳ ಚಪ್ಪಲಿಯನ್ನು ಅವ್ವನ ಹೊಸಲಲ್ಲಿ ಬಸಕ್ಕ ಹೇಗೆ ನೋಡುತ್ತಾಳೆ ಅನ್ನುವುದು ಮಾತ್ರ ಕಣ್ಣ ಮುಂದೆ ಬಂತು. ಒಂದು ವಾರ ಆದರೆ ಕೇಳುತ್ತಾಳೆ. ಒಂದು ತಿಂಗಳಾದರೆ ಕೇಳುವುದನ್ನೂ ಬಿಡುತ್ತಾಳೆ.

"ನಾ ಹೋಗಲ್ಲ."

"ಪುಟ್ಟಿ, ಕೆಲಸ ಇಲ್ದೆ ಇಲ್ಲಿ..."

"ನೀ ಹೋದ್ರೆ ನಾನೂ ಬರ್ತೀನಿ. ನೀ ಇದ್ರೆ ನಾನೂ ಇರ್ತೀನಿ. ಒಬ್ಳನ್ನೇ ಕಳಿಸ್ಬೇಡ." ನೀನು ಅಂದುಬಿಟ್ಟಿದ್ದೆ. ನಾಲಿಗೆ ಕಚ್ಚಿಕೊಂಡೆ, ಆದರೆ ವಾಪಸು ತೆಗೆದುಕೊಳ್ಳಲಿಲ್ಲ. "ಟಿಕೆಟ್ ಕೊಡು. ಶೂ ಕೊಡ್ತೀನಿ."

ಅವರು ನನ್ನನ್ನು ಚಿಕ್ಕಂದಿನಲ್ಲಿ ನೋಡುತ್ತಿದ್ದ ಹಾಗೆ ನೋಡಿದರು. ಅವರ ಲೆಕ್ಕದ ಪುಸ್ತಕದ ಮೇಲೆ ಕೂತು, ಗೋಲಿ ಕೊಟ್ಟರೆ ಏಳುತ್ತೇನೆ ಅನ್ನುತ್ತಿದ್ದೆನಂತೆ. ಕೋಟಿನ ಜೇಬಿಗೆ ಕೈ ಹಾಕಿ ಟಿಕೆಟ್ ತೆಗೆದರು. ಕೊಡುವ ಮೊದಲು ತಡೆದರು. ನಾನೂ ಶೂ ಬಿಡಲಿಲ್ಲ. ಒಟ್ಟಿಗೇ ಕೈ ಬದಲಾಯಿಸಿದೆವು. ಟಿಕೆಟ್ ಮೇಲೆ ತಾರೀಖು ಬರೆದಿದೆಯೇ ಅಂತ ಎರಡೂ ಕಡೆ ತಿರುಗಿಸಿ ನೋಡಿದೆ. ಇರಲಿಲ್ಲ. ಮದುವೆ ಸೀರೆ ಫ್ರಾಂಕ್‌ಫರ್ಟಲ್ಲಿತ್ತು, ಅದಕ್ಕೆ ಟಿಕೆಟ್ಟನ್ನು ಸ್ವೆಟರಿನ ಒಳಗೆ ಇಟ್ಟುಕೊಂಡೆ.

"ನನ್ನ ನಂಬಲ್ವಾ?" ಅಂದರು, ಲಾಡಿ ಕಟ್ಟುತ್ತ.

"ಬಾ, ಹೊತ್ತಾಯ್ತು" ಅಂದೆ.

ಹತ್ತು ಗಂಟೆಗೆ ಷೆಫ್ ಹೇಳಬೇಕಾದ್ದನ್ನು ಹೇಳಿದ. ಯಾರೋ ಅತ್ತರು. ಯಾರೋ ಎದ್ದು ಹೋದರು. ಮಾವ ಕೈಕಟ್ಟಿ ನಿಂತಿದ್ದರು, ಕೋಣೆಯಲ್ಲಿದ್ದ ಎಲ್ಲರ ಶೂಗಿಂತ ಅವರ ಶೂ ಹೊಳೆಯುತ್ತಿತ್ತು. ನಾನು ಪಕ್ಕದಲ್ಲೇ ಇದ್ದೆ. ಆಚೆ ಬದಿಯಿಂದ ಸ್ಯಾಂಡ್ರಾ ನನ್ನನ್ನು ನೋಡಿ ತಲೆ ಅಲ್ಲಾಡಿಸಿದಳು. ಕ್ಷಮಿಸಿದಳೋ ಇಲ್ಲವೋ ತಿಳಿಯಲಿಲ್ಲ.

ಮಾರನೆಯ ದಿನ ಹೊರಡುವುದಿತ್ತು. ಆ ಸಂಜೆ ಹೆರ್ ಯೆನ್ಸೆನ್ ತಾವೇ ಓಣಿಯಲ್ಲಿ ಬಂದರು, ಒಂದೊಂದೇ ಬಾಗಿಲ ಬುಡ ನೋಡುತ್ತ. ಎಲ್ಲ ಖಾಲಿ. ನಾನು ಮಾವನ ಶೂ ತೆಗೆದುಕೊಂಡು ಹೋಗಿ ಅವರ ಕೈಗೇ ಕೊಟ್ಟೆ. ಅವರ ಮುಖ ಅರಳಿತು. ಹೊರಡಲು ತಿರುಗಿದರು. ನಾನು ಏಪ್ರನ್ನಿನ ದಾರ ಹಿಡಿದು ನಿಲ್ಲಿಸಿದೆ. ನಮ್ಮ ಬಾಗಿಲಿನ ನಂಬರನ್ನು ಬೆರಳಿಟ್ಟು ತೋರಿಸಿದೆ.

"ಫ್ಯುನ್ಫ್‌ಸೇನ್" ಅಂದೆ. ಹದಿನೈದು. ಮಧ್ಯಾಹ್ನವಿಡೀ ಬಚ್ಚಲಲ್ಲಿ ನಿಂತು ಕಲಿತದ್ದು.

ಅವರು ನಕ್ಕು, ಆಯಿತು ಅನ್ನುವ ಹಾಗೆ ಕೈ ಎತ್ತಿದರು. ನಾನು ನಗಲಿಲ್ಲ. ಹನ್ನೆರಡರ ಕಡೆ ಬೆರಳು ಮಾಡಿ ಇಲ್ಲ ಅಂತ ತಲೆ ಆಡಿಸಿ, ಇನ್ನೊಂದು ಸಲ ಹೇಳಿದೆ.