ಕ್ಯಾರಿಯರ್ ದ್ಯಾವಮ್ಮ

“ದೂರ ನಿಂತ್ಕಳೆ. ನಿನ್ ಹೇಲೇನು ಮಠದ ಪ್ರಸಾದಾನಾ, ಕೈಗೇ ಕೊಡಕ್ಕೆ ಬತ್ತೀಯ? ಇಡು ಆ ಕಲ್ ಮ್ಯಾಲೆ.”

ಆರೋಗ್ಯ ನಿರೀಕ್ಷಕ ನಟರಾಜ್ ಮೂಗಿಗೆ ಕರ್ಚೀಫು ಒತ್ತಿಕೊಂಡು ಆರೋಗ್ಯ ಕೇಂದ್ರದ ಕಿಟಕಿಯ ಒಳಗಿನಿಂದಲೇ ಹೇಳಿದ. ದ್ಯಾವಮ್ಮ ಎರಡು ಹೆಜ್ಜೆ ಹಿಂದೆ ಸರಿದು, ಮುಚ್ಚಳ ಬಿಗಿಯಾಗಿ ತಿರುಗಿಸಿ ತಂದಿದ್ದ ಪ್ಲಾಸ್ಟಿಕ್ ಡಬ್ಬಿಯನ್ನು ಕಲ್ಲಿನ ಮೇಲಿಟ್ಟಳು. ಮಾತ್ರೆಗೆಂದು ಕಾದು ಕೂತಿದ್ದವರು ಬೆಂಚಿನ ಆ ತುದಿಗೆ ಒಬ್ಬರ ಮೇಲೊಬ್ಬರು ಬೀಳುವಂತೆ ಒತ್ತರಿಸಿಕೊಂಡರು. ಆ ಬೆಂಚಿನ ಬೆನ್ನಿಗೆ, ಕುಡಿಯುವ ನೀರಿನ ಡ್ರಮ್ಮಿಗೆ, ತಲೆಯ ಮೇಲಿನ ಫ್ಯಾನಿನ ಮೂರೂ ರೆಕ್ಕೆಗಳಿಗೆ ‘ದಾನಿಗಳು: ಕಲ್ಲೇಶಪ್ಪ, ಕೊಬ್ಬರಿ ವರ್ತಕರು’ ಎಂದು ಕೆಂಪು ಬಣ್ಣದಲ್ಲಿ ಬರೆಸಿತ್ತು. ಆ ಊರಲ್ಲಿ ಗಾಳಿಯೂ ಕಲ್ಲೇಶಪ್ಪನ ಹೆಸರು ಹೇಳಿಕೊಂಡೇ ಬೀಸಬೇಕು.

“ಹೆಸ್ರು?” ನಟರಾಜ್ ಕೇಳಿದ.

“ನಿಮ್ ಪುಸ್ತಕದಾಗೇ ಐತಲ್ಲ ಸಾ.”

“ಕ್ಯಾರಿಯರ್‌ಗೆ ಬಾಯಿ ಜೋರಾತು” ಎಂದ. ಬೆಂಚು ನಕ್ಕಿತು.

ಹುಲುಗನಕಟ್ಟೆ ಜಾವಗಲ್ಲಿಗೂ ಕಣಕಟ್ಟೆಗೂ ನಡುವೆ, ಬಸ್ಸಿನವನು ಮನಸ್ಸು ಬಂದರೆ ನಿಲ್ಲಿಸುವ ಊರು. ದ್ಯಾವಮ್ಮ ಅಲ್ಲಿನ ಕಾಲೋನಿಯವಳು. ಗಂಡ ತೀರಿಕೊಂಡು ಹನ್ನೊಂದು ವರ್ಷ. ಹಗಲೆಲ್ಲ ಕಲ್ಲೇಶಪ್ಪನ ಮಂಡಿಯಲ್ಲಿ ಕೂತು ಚಿಪ್ಪು ಒಡೆದು ಕೊಬ್ಬರಿ ಬಿಡಿಸುವುದು, ಊರೊಳಗೆ ಮದುವೆ ಮುಂಜಿ ಎಂದರೆ ಹಿತ್ತಲಲ್ಲಿ ಕೂತು ಕೊಪ್ಪರಿಗೆ, ಕೊಳಗ ಬೆಳಗುವುದು. ಮಗಳು ಲತಾಮಣಿ ಅದೇ ಆರೋಗ್ಯ ಕೇಂದ್ರದ ಆಶಾ ಕಾರ್ಯಕರ್ತೆ. ಗುಲಾಬಿ ಸೀರೆ ಉಟ್ಟು ಮನೆಮನೆಗೆ ಹೋಗಿ ಯಾರಿಗೆ ಕೆಮ್ಮು, ಯಾರಿಗೆ ಬಸಿರು ಎಂದು ಬರೆದುಕೊಳ್ಳುವವಳು.

ಚೈತ್ರದಲ್ಲಿ ಕಲ್ಲೇಶಪ್ಪನ ಮೊಮ್ಮಗಳಿಗೆ ಸಿರಿ ಎಂದು ಹೆಸರಿಟ್ಟರು. ಊರಿಗೆ ಊರೇ ಉಂಡಿತು. ಕಲ್ಲೇಶಪ್ಪನ ತಾಯಿ ಬಸಮ್ಮ ಆ ಮನೆಯಲ್ಲಿ ಒಲೆಗಿಂತ ದೊಡ್ಡವಳು. ಎಷ್ಟೇ ಅಡಿಗೆಯವರು ಬಂದಿರಲಿ, ಕೋಸಂಬರಿ ಮಾತ್ರ ತನ್ನ ಕೈಯಲ್ಲೇ ಕಲೆಸಬೇಕು. ಅಂದೂ ಸ್ನಾನ ಮಾಡಿ, ಪೂಜೆ ಮುಗಿಸಿ, ಹಣೆಗೆ ವಿಭೂತಿ ಬಳಿದುಕೊಂಡು, ಮೊಣಕೈವರೆಗೆ ಕೊಳಗದೊಳಗೆ ಇಳಿಸಿ ಕಲೆಸಿದ್ದಳು. ಪಂಕ್ತಿಯೆಲ್ಲ ಎದ್ದ ಮೇಲೆ ಆ ಕೊಳಗ ಹಿತ್ತಲಿಗೆ ಬಂತು. ತಳದಲ್ಲಿ ಎರಡು ಹಿಡಿ ಉಳಿದಿತ್ತು. ಬೆಳಗ್ಗೆಯಿಂದ ಬೂದಿಯಲ್ಲಿ ಕೈ ಆಡಿಸಿದ್ದ ಹೆಂಗಸರು ಅದನ್ನು ಬಳಿದು ತಿಂದರು. ಆಮೇಲೆ ತೆಂಗಿನ ನಾರಿನಲ್ಲಿ ಕೊಳಗ ಉಜ್ಜಿದರು.

ಮೂರು ವಾರಕ್ಕೆ ಜ್ವರ ಶುರುವಾಯಿತು. ಊರೊಳಗೆ ಇಪ್ಪತ್ತೆರಡು ಮಂದಿ, ಕಾಲೋನಿಯಲ್ಲಿ ನಾಲ್ಕು. ಟೈಫಾಯ್ಡು ಎಂದರು. ಜೀಪು ಬಂತು. ಮೊದಲು ಕಲ್ಲೇಶಪ್ಪನ ಜಗಲಿಯ ಮುಂದೆಯೇ ನಿಂತಿತು.

“ನಮ್ಮನೇಲಿ ಲಿಂಗಪೂಜೆ ಆಗ್ದೆ ನೀರೂ ಮುಟ್ಟಲ್ಲ ಸಾರ್. ಅಡಿಗೆಯೋರು ಮಠದೋರು. ಪಾತ್ರೆ ತೊಳೆಯಕೆ ಮಾತ್ರ ಕಾಲೋನಿಯೋರು ಬಂದಿದ್ರು, ನೋಡ್ರಿ” ಎಂದು ಕಲ್ಲೇಶಪ್ಪ ಅರ್ಧಕ್ಕೆ ನಿಲ್ಲಿಸಿ, ಎಳನೀರು ಕೆತ್ತಿಸಿದ. ನಟರಾಜ್ ಎರಡು ಎಳನೀರು ಕುಡಿದು ಬಾಯಿ ಒರೆಸಿಕೊಂಡ. ಆ ಮನೆಯಿಂದ ಅವನು ತೆಗೆದುಕೊಂಡ ಸ್ಯಾಂಪಲ್ ಅಷ್ಟೇ.

ಡಬ್ಬಿಗಳು ಕಾಲೋನಿಗೆ ಬಂದವು. ಪಾತ್ರೆ ತೊಳೆದಿದ್ದ ಐದೂ ಹೆಂಗಸರಿಗೆ ಲತಾಮಣಿಯೇ ಹಂಚಬೇಕಾಯಿತು. ಹತ್ತು ದಿನಕ್ಕೆ ಕಾಗದ ಬಂತು. ದ್ಯಾವಮ್ಮನದರಲ್ಲಿ ರೋಗದ ಹುಳ ಇದೆ, ಅವಳಿಗೆ ಜ್ವರ ಇಲ್ಲ, ಆದ್ದರಿಂದ ಅವಳು ಕ್ಯಾರಿಯರ್.

“ಕ್ಯಾರಿಯರ್ ಅಂದ್ರೆ ಊಟ ತಗಂಡೋಗೋ ಡಬ್ಬಿ ಅಲ್ವೇನೆ?” ದ್ಯಾವಮ್ಮ ಮಗಳನ್ನು ಕೇಳಿದಳು.

“ಊಟ ಅಲ್ಲ ಕಣವ್ವ. ರೋಗ ಹೊತ್ಕಂಡು ತಿರುಗೋರು.”

“ಈ ಊರ್ದು ಎಲ್ಲಾನೂ ನಾವೇ ಹೊತ್ತಿರದು. ಸತ್ತ ದನ, ಹಬ್ಬದ ಎಂಜ್ಲು. ಇದೊಂದ್ ಯಾಕೆ ಬಿಟ್ಟಿದ್ರೋ ಅಂತಿದ್ದೆ.”

ಬಾಗಿಲಿಗೆ ಕೆಂಪು ಕಾಗದ ಅಂಟಿಸಬೇಕಿತ್ತು. ‘ಈ ಮನೆ ನಿಗಾದಲ್ಲಿದೆ’ ಎಂದು ಅಚ್ಚಾಗಿತ್ತು. ತಾನು ಹುಟ್ಟಿದ ಮನೆಯ ಬಾಗಿಲಿಗೆ ಲತಾಮಣಿ ಅದನ್ನು ಅಂಟಿಸಿದಳು. ಕಾಗದ ಸೊಟ್ಟಗಾಯಿತು. ನಟರಾಜ್ ಅದರ ಫೋಟೋ ತೆಗೆದುಕೊಂಡು, “ನೆಟ್ಗೆ ಹಾಕಮ್ಮ, ಮೇಲಿನೋರಿಗೆ ಕಳಿಸ್ಬೇಕು” ಎಂದು ಇನ್ನೊಮ್ಮೆ ಅವಳಿಂದಲೇ ಹಾಕಿಸಿದ.

ದಿನಕ್ಕೆರಡು ಮಾತ್ರೆ, ತಿಂಗಳಿಗೊಂದು ಡಬ್ಬಿ. ಮಂಡಿಗೆ ಬರಬೇಡ ಎಂದರು. ನೀರು ಬಿಡುವ ನಂಜಪ್ಪ, “ಎಲ್ರೂ ಹಿಡ್ಕಂಡ್ ಮೇಲೆ ನೀನ್ ಹಿಡಿಯಕ್ಕ, ಏನೂ ಅನ್ಕಬ್ಯಾಡ” ಎಂದ. ಗುಡಿಯ ಅಯ್ಯನೂ ಬದಲಾದ. ಮೊದಲೂ ಅವನು ವಿಭೂತಿಯನ್ನು ಮೇಲಿಂದಲೇ ಉದುರಿಸುತ್ತಿದ್ದ. ಈಗ ಉದುರಿಸುವಾಗ “ಸರ್ಕಾರದ್ದು ಆದೇಶ ಕಣಮ್ಮ, ನಂದೇನಿಲ್ಲ” ಎಂದು ನಗುತ್ತಿದ್ದ. ಅವನ ತಾತನಿಗೆ ಪಾಪ ಲ್ಯಾಬೋರೇಟರಿ ಇರಲಿಲ್ಲ. ಬರೀ ನಂಬಿಕೆಯ ಮೇಲೆಯೇ ಅಷ್ಟು ದೂರ ಇಟ್ಟಿದ್ದ.

ಕಲ್ಲಿನ ಮೇಲಿಟ್ಟ ಆ ಡಬ್ಬಿ ಮಾತ್ರೆ ಶುರುವಾದ ಮೇಲಿನ ಮೂರನೆಯದು. ಮೊದಲೆರಡರಲ್ಲಿ ಏನೂ ಇಲ್ಲ ಎಂದು ಬಂದಿತ್ತು. ಮೂರನೆಯದೂ ಹಾಗೇ ಬಂತು. ಮೂರು ಸಲ ಇಲ್ಲವೆಂದರೆ ಹೆಸರು ತೆಗೆಯಬೇಕೆಂದು ಸುತ್ತೋಲೆಯಿದೆ ಎಂದು ಮಗಳು ಹೇಳಿದ್ದಳು. ದ್ಯಾವಮ್ಮ ತಲೆ ಬಾಚಿಕೊಂಡು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಕೇಂದ್ರಕ್ಕೆ ಹೋದಳು.

“ಹೆಸ್ರು ತೆಗೀರಿ ಸಾ. ಕೆಲ್ಸಕ್ಕೆ ಹೋಗ್ಬೇಕು.”

“ಕಂಪ್ಯೂಟರ್‌ಗೆ ಹೋಗೈತೆ. ಅದ್ರಲ್ಲಿ ಸೇರ್ಸಕ್ಕೆ ಐತೆ, ತೆಗೆಯಕ್ಕಿಲ್ಲ.”

“ಹಂಗಾರೆ ಕಾಗ್ದನಾರ ಕೊಡಿ. ಇವ್ಳಿಗೇನೂ ಇಲ್ಲ ಅಂತ.”

“ಕೊಟ್ಟು, ನಾಳೆ ಯಾರ್ಗಾನ ಜ್ವರ ಬಂದ್ರೆ ನನ್ ಕುತ್ಗೆಗೆ ಬತ್ತದೆ. ಸುಮ್ನೆ ಮನೇಲಿರು. ನಿಂಗೇನು ಕಲೆಕ್ಟರ್ ಆಫೀಸಲ್ಲಿ ಕೆಲ್ಸ ಕೆಟ್ಟೋಗ್ತೈತಾ?”

ಆ ಸಂಜೆ ಲತಾಮಣಿ ಅವ್ವನ ಮುಂದೆ ಮುದ್ದೆ ಮುರಿಯದೆ ಕೂತಳು. ಆಮೇಲೆ ತಲೆ ಎತ್ತದೆ ಹೇಳಿದಳು.

“ಬಸಮ್ಮಂಗೆ ಹೋದೊರ್ಷದ ಹಿಂದ್ಲೊರ್ಷ ಇದೇ ಜ್ವರ ಬಂದಿತ್ತು ಕಣವ್ವ. ನಲ್ವತ್ ದಿನ. ಅರಸೀಕೆರೇಲಿ ಗುಟ್ಟಾಗಿ ತೋರ್ಸಿದ್ರು. ಹಂಗೆ ಬಂದ್ ಹೋದೋರಲ್ಲಿ ಕೆಲವ್ರ ಹೊಟ್ಟೇಲಿ ಅದು ಉಳ್ಕಂತದೆ. ಡಬ್ಬಿ ಕೊಡ್ಬೇಕಾದೋರ ಪಟ್ಟೀಲಿ ಮೊದ್ಲು ಆವಮ್ಮನ ಹೆಸ್ರೇ ಬರ್ದಿದ್ದೆ. ನಟರಾಜ್ ಸಾರ್ ಗೀಟು ಹೊಡೆದ್ರು. ‘ದಾನಿಗಳ ತಾಯಿ, ನಿಂಗೆ ಕೆಲ್ಸ ಬೇಕೋ ಬ್ಯಾಡ್ವೋ’ ಅಂದ್ರು.”

ದ್ಯಾವಮ್ಮನಿಗೆ ಕೊಳಗದ ತಳ ನೆನಪಾಯಿತು. ನಿಂಬೆಹುಳಿಯ, ಹಸಿಮೆಣಸಿನ ಆ ರುಚಿ ನೆನಪಾಯಿತು. ಅವರು ಬಿಟ್ಟಿದ್ದನ್ನು ಇವಳು ತಿಂದಳು. ಅದರ ಜೊತೆ ಅವರ ಹುಳವನ್ನೂ ನುಂಗಿದಳು. ಈಗ ಅದು ಇವಳದು ಎಂದು ಸರ್ಕಾರ ಖಾತೆ ಮಾಡಿಕೊಟ್ಟಿದೆ. ಹೊಲ ಗದ್ದೆಯ ಖಾತೆಗೆ ಮೂರು ತಲೆಮಾರು ಅಲೆದರೂ ಆಗದವರಿಗೆ ಇದು ಹತ್ತೇ ದಿನಕ್ಕೆ ಆಯಿತು.

“ನಿಮ್ಮವ್ವನ ಹೇಲಿಗೆ ನಂಬರ್ ಬರಿಯಕೆ ನಿನ್ ಪೆನ್ನು ನಡುಗ್ಲಿಲ್ಲ” ಎಂದಳು. “ಆ ಮುದ್ಕೀದು ಬರಿಯಕೆ ನಡುಗ್ತಾ?”

ಲತಾಮಣಿ ತಟ್ಟೆ ಸರಿಸಿ ಎದ್ದಳು. ಇಬ್ಬರೂ ಉಣ್ಣಲಿಲ್ಲ.

ಅದಾಗಿ ಹದಿನೈದು ದಿನಕ್ಕೆ ಊರೊಳಗೆ ಮತ್ತೆ ಜ್ವರ ಬಂತು. ಮಠದ ದಾಸೋಹದಲ್ಲಿ ಉಂಡ ಆರು ಮಂದಿ ಮಲಗಿದರು. ಏಳನೆಯದು ಸಿರಿ. ಬಸಮ್ಮ ಅನ್ನ ಮಿದ್ದು ಬೆರಳಲ್ಲಿ ನೆಕ್ಕಿಸುತ್ತಿದ್ದ ಎಂಟು ತಿಂಗಳ ಕೂಸು. ಅದನ್ನು ಹಾಸನದ ಆಸ್ಪತ್ರೆಗೆ ಒಯ್ದರು. ಮಾರನೆಯ ಬೆಳಗ್ಗೆ ಜೀಪು ನೇರ ಕಾಲೋನಿಗೆ ನುಗ್ಗಿ ದ್ಯಾವಮ್ಮನ ಬಾಗಿಲಲ್ಲಿ ನಿಂತಿತು.

“ಎಲ್ಲೆಲ್ಲಿ ತಿರುಗ್ದೆ ನೀನು ಹೋದ್ ತಿಂಗ್ಳು? ನಿಜ ಬೊಗಳು” ಎಂದು ನಟರಾಜ್ ಇಳಿದ.

“ಎಲ್ಲಿಗೋಗ್ಲಿ ಸಾ. ಮಂಡಿಗೆ ಸೇರ್ಸಲ್ಲ. ನಲ್ಲೀಲಿ ಕಡೇ ಕೊಡ ನಂದು. ಊರೊಳಕ್ಕೆ ಕಾಲಿಟ್ಟು ನಾಕ್ ತಿಂಗ್ಳಾತು.”

“ಆದ್ರೂ ಬಂತಲ್ಲ ಜ್ವರ.”

“ಅದನ್ನೇ ಅಲ್ವಾ ನಾನೂ ಕೇಳ್ತಿರದು.”

“ತಲೆ ಓಡುಸ್ಬ್ಯಾಡ, ತುಂಬ್ಕಂಡು ಬಾ” ಎಂದು ಖಾಲಿ ಡಬ್ಬಿಯನ್ನು ಅವಳ ಕಾಲ ಬಳಿ ಎಸೆದ. ಡಬ್ಬಿ ಉರುಳಿಕೊಂಡು ಹೋಗಿ ಒಲೆಯ ಬೂದಿಯಲ್ಲಿ ನಿಂತಿತು.

ದ್ಯಾವಮ್ಮ ಅದನ್ನು ಎತ್ತಿಕೊಂಡು ಸೆರಗಿನಲ್ಲಿ ಒರೆಸಿದಳು. ಹಿತ್ತಲಿಗೆ ಹೋಗುತ್ತಾಳೆ ಎಂದುಕೊಂಡ ನಟರಾಜ್ ಫೋನು ತೆಗೆದ. ಅವಳು ಹಿತ್ತಲಿಗೆ ಹೋಗಲಿಲ್ಲ. ಬೀದಿಗಿಳಿದು, ಕಾಲೋನಿ ದಾಟಿ, ಊರ ಕಡೆ ನಡೆದಳು. ಲತಾಮಣಿ ಒಂದು ಕ್ಷಣ ಜೀಪಿನ ಪಕ್ಕದಲ್ಲೇ ನಿಂತಿದ್ದು, ಆಮೇಲೆ ಬ್ಯಾಗು ಹೆಗಲಿಗೇರಿಸಿಕೊಂಡು ಅವ್ವನ ಹಿಂದೆ ಹೊರಟಳು. ಪಾತ್ರೆ ತೊಳೆದಿದ್ದ ಉಳಿದ ನಾಲ್ವರೂ ಕೈ ಕೆಲಸ ಬಿಟ್ಟು ಬಂದರು.

ಕಲ್ಲೇಶಪ್ಪನ ಮನೆಯ ಜಗಲಿ ಕೆಂಪು ಗಾರೆಯದು, ಮುಖ ಕಾಣುವಷ್ಟು ನುಣುಪು. ದ್ಯಾವಮ್ಮ ಹೋದವಳೇ ಅದರ ಮೇಲೆ ಕೂತಳು. ಫೋನಿನಲ್ಲಿ ಆಸ್ಪತ್ರೆಯವರ ಜೊತೆ ಮಾತಾಡುತ್ತಿದ್ದ ಕಲ್ಲೇಶಪ್ಪ ಹೊರಗೆ ಬಂದವನು ಮಾತು ನಿಲ್ಲಿಸಿದ.

“ಏಳೇ ಮ್ಯಾಕೆ, ಹಲ್ಕಾ ಮುಂಡೆ. ಯಾರ ಜಗಲಿ ಮೇಲೆ ಕುಂತಿದೀಯ ಗೊತ್ತೇನೆ?”

“ಗೊತ್ತು ಸಾವ್ಕಾರ್ರೆ. ಉಜ್ಜಿ ಉಜ್ಜಿ ನುಣುಪು ಮಾಡ್ದೋಳೆ ನಾನು.”

“ನನ್ ಮೊಮ್ಮಗ್ಳಿಗೆ ರೋಗ ಅಂಟ್ಸಿ, ಇಲ್ಲಿಗೇ ಬಂದಿದೀಯಾ?”

“ಕೂಸಿನ ಬಾಯಿಗೆ ನಾನ್ ಬೆಳ್ಳು ಇಟ್ಟಿಲ್ಲ. ಇಟ್ಟೋರು ನಿಮ್ಮನೆ ಒಳಗವ್ರೆ. ನಂದು ಮೂರ್ ಡಬ್ಬಿ ಆತು, ಮೂರ್ರಲ್ಲೂ ಇಲ್ಲ ಅಂತ ಬಂತು. ಇದು ನಿಮ್ಮವ್ವಂಗೆ.” ಖಾಲಿ ಡಬ್ಬಿಯನ್ನು ಹೊಸ್ತಿಲ ಕಡೆ ಚಾಚಿದಳು.

ಕಲ್ಲೇಶಪ್ಪನ ಮುಖ ಕಪ್ಪಿಟ್ಟಿತು. “ಇಷ್ಟಲಿಂಗ ಹಿಡಿಯೋ ಕೈ ಕಣೇ ಅದು.”

“ಹಿಡೀಲಿ. ಲಿಂಗ ಹಿಡಿಯೋರು ಹೇಲಲ್ವಾ?”

ಅಷ್ಟರಲ್ಲಿ ಜೀಪು ಬಂತು. ಎದುರು ಮನೆಗಳ ಬಾಗಿಲು ತೆರೆದವು. ಮಂಡಿಯಲ್ಲಿ ಚಿಪ್ಪು ಒಡೆಯುತ್ತಿದ್ದ ಹೆಂಗಸರು ಮಚ್ಚು ಹಿಡಿದುಕೊಂಡೇ ಬಂದು ನಿಂತರು. ನಟರಾಜ್ ಓಡಿ ಬಂದು, “ಸಾರ್, ತಪ್ಪು ತಿಳ್ಕಬ್ಯಾಡಿ, ಈಗ ಎಬ್ಬುಸ್ತೀನಿ” ಎಂದವನು ಜಗಲಿಯಿಂದ ಮೂರು ಮೊಳ ದೂರದಲ್ಲೇ ನಿಂತುಬಿಟ್ಟ.

“ಎಬ್ಸಯ್ಯ” ಎಂದ ಕಲ್ಲೇಶಪ್ಪ.

“ಏಯ್ ಎದ್ದೇಳೆ. ಪೊಲೀಸ್ ಕರುಸ್ತೀನಿ.”

“ಕರ್ಸಿ. ಅವ್ರೂ ಕೈ ಹಿಡಿದೇ ಎಬ್ಬುಸ್ಬೇಕು” ಎಂದಳು ದ್ಯಾವಮ್ಮ. “ಮುಟ್ಟಿ ಸಾ. ಕ್ಯಾರಿಯರ್ ಅಂತ ನೀವೇ ಅಂಟ್ಸಿದ್ದು ಬಾಗ್ಲಿಗೆ. ಯಾರ್ ಮುಟ್ತೀರೋ ಬನ್ನಿ.”

ಯಾರೂ ಬರಲಿಲ್ಲ. ನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ಆ ಹೆಸರು ಅವಳ ಉಪಯೋಗಕ್ಕೆ ಬಂದಿತ್ತು.

ಲತಾಮಣಿ ಮುಂದೆ ಬಂದು ಅವ್ವನ ಕೈಯಿಂದ ಡಬ್ಬಿ ತೆಗೆದುಕೊಂಡಳು. ಬ್ಯಾಗಿನಿಂದ ಚೀಟಿ, ಪೆನ್ನು ತೆಗೆದು ಗೋಡೆಗೆ ಒತ್ತಿ ಬರೆಯುತ್ತ, ಬರೆದುದನ್ನು ಎಲ್ಲರಿಗೂ ಕೇಳುವಂತೆ ಓದಿದಳು. “ಬಸಮ್ಮ. ವಯಸ್ಸು ಎಪ್ಪತ್ತನಾಲ್ಕು. ಎರಡು ವರ್ಷದ ಹಿಂದೆ ಟೈಫಾಯ್ಡ್ ಬಂದಿತ್ತು. ದಾಸೋಹದಲ್ಲಿ, ಮನೆಯಲ್ಲಿ ಊಟ ಬಡಿಸುತ್ತಾರೆ.”

“ಲತಾಮಣಿ, ನಾಳೆಯಿಂದ ನೀನು ಕೆಲ್ಸಕ್ಕೆ ಬರೋದ್ ಬ್ಯಾಡ” ಎಂದ ನಟರಾಜ್.

“ಆಗ್ಲಿ ಸಾ. ಇವತ್ತಿಂದು ಮುಗ್ಸಿ ಹೋಯ್ತೀನಿ.” ಚೀಟಿ ಅಂಟಿಸಿದ ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟಳು. ಈ ಸಲ ಚೀಟಿ ಸೊಟ್ಟಗಾಗಲಿಲ್ಲ.

ಕಲ್ಲೇಶಪ್ಪ ಅದನ್ನು ಒದೆಯಲು ಕಾಲೆತ್ತಿದ. ಒಳಗಿಂದ “ಕಲ್ಲೇಶ” ಎಂಬ ದನಿ ಕೇಳಿಸಿತು.

ಬಸಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ರಾತ್ರಿಯೆಲ್ಲ ಅತ್ತು ಕಣ್ಣು ಊದಿದ್ದವು. ಹಣೆಯ ವಿಭೂತಿ ಅರ್ಧ ಅಳಿಸಿತ್ತು. ಡಬ್ಬಿಯನ್ನು ನೋಡಿದಳು, ತನ್ನ ಬಲಗೈಯನ್ನು ನೋಡಿಕೊಂಡಳು.

“ಕೂಸಿಗೆ ನನ್ ಕೈಯಿಂದಾನೇ ಬಂತೇನ್ಲಾ?”

ಕಲ್ಲೇಶಪ್ಪ ನಟರಾಜನ ಮುಖ ನೋಡಿದ. ನಟರಾಜ್ ಜೀಪಿನ ಚಕ್ರ ನೋಡಿದ.

“ಒಳಕ್ಕೋಗವ್ವ. ಈ ಲೌಡಿ ಮುಂಡೇರ ಮಾತು ಕೇಳ್ಕಂಡು” ಎಂದ ಮಗನಿಗೆ ಅವಳು ಕಿವಿಗೊಡಲಿಲ್ಲ. ಮೊಣಕಾಲ ಮೇಲೆ ಕೈಯೂರಿ ಬಗ್ಗಿ, ಸೆರಗಿನ ತುದಿಯಲ್ಲಿ ಡಬ್ಬಿಯನ್ನು ಹಿಡಿದು ಎತ್ತಿದಳು. ದ್ಯಾವಮ್ಮನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದಳು. ದ್ಯಾವಮ್ಮ ಮುಖ ಆಚೆ ತಿರುಗಿಸಿದಳು. ಮುದುಕಿ ಗೋಡೆ ಹಿಡಿದುಕೊಂಡು ನಡುಮನೆ ದಾಟಿ ಹೋದಳು.

ಬೀದಿಯಲ್ಲಿ ಮಚ್ಚು ಹಿಡಿದವರು, ಎದುರು ಮನೆಯವರು, ಜೀಪಿನ ಡ್ರೈವರ್, ಗುಡಿ ಬಿಟ್ಟು ಬಂದಿದ್ದ ಅಯ್ಯ, ಎಲ್ಲರೂ ಕಿವಿಗೊಟ್ಟು ನಿಂತರು. ಒಳಗೆ, ಹಿತ್ತಲ ಕಡೆಯಲ್ಲಿ, ಪಾಯಿಖಾನೆಯ ಬಾಗಿಲು ಮುಚ್ಚಿ ಚಿಲಕ ಬಿದ್ದ ಸದ್ದಾಯಿತು.

ದ್ಯಾವಮ್ಮ ಜಗಲಿಯ ಮೇಲೆ ಕಾಲು ಚಾಚಿಕೊಂಡಳು.