ಗೋಡೆಗೆ ಇದ್ದ ಮರ್ಯಾದೆ

"ಮೆಲ್ಲಗಮ್ಮಾ!"

ಮಗಳು ಹೀಗೆನ್ನುವಷ್ಟರಲ್ಲಿ ರೆಕಾರ್ಡಿನ ಮುಳ್ಳು ಹಾರಿ, ಪ್ರಾರ್ಥನೆಯ ಹಾಡು ಅರ್ಧಕ್ಕೇ ಮುಗ್ಗರಿಸಿತ್ತು. ತಾಯಿ ಚಹದ ಲೋಟ ಹಿಡಿದು ಕೋಣೆಯ ನಡುವೆ ನಿಂತುಬಿಟ್ಟಳು.

"ನಿಮ್ಮಪ್ಪ ಹೋದರು ಅಂದ್ಕೊಂಡಿದ್ದೆ. ನಿನ್ನ ಗಂಟಲಲ್ಲೇ ಕೂತಿದ್ದಾರೆ," ಎಂದಳು. "ತಗೊಂಡು ಹೋಗಿ ಬೀದಿಗೆ ಎಸಿ ಇದನ್ನ!"

ಮಾಳಿಗೆಯ ಮೇಲಿನ ಮನೆ, ಹಲಗೆಯ ನೆಲ. ಯಾರು ಹೆಜ್ಜೆಯಿಟ್ಟರೂ ಬೀರು ನಡುಗುತ್ತಿತ್ತು. ಅದರ ಮೇಲಿನ ರೆಕಾರ್ಡ್ ಪ್ಲೇಯರೂ ನಡುಗುತ್ತಿತ್ತು. ಹೋದ ತಿಂಗಳು ತೀರಿಕೊಂಡ ಯಜಮಾನರು ಅದರ ಕೆಳಗೆ ಕಂಬಳಿ ಮಡಚಿಟ್ಟಿದ್ದರು, ರಬ್ಬರ್ ಚೆಂಡುಗಳನ್ನು ಸೀಳಿ ಇಟ್ಟಿದ್ದರು, ಕಲ್ಲಿನ ಚಪ್ಪಡಿಯನ್ನೂ ಹೊತ್ತು ತಂದಿದ್ದರು. ಯಾವುದೂ ಸಾಲದೆ ಹೋದಾಗ ಮನೆಯವರನ್ನೇ ಮೆತ್ತಗೆ ಮಾಡಿದರು. ಹಾಡು ಹಚ್ಚಿದರೆ ಹೆಂಡತಿ ತುದಿಗಾಲಲ್ಲಿ ನಡೆಯಬೇಕು. ಆಗಿನ್ನೂ ಚಿಕ್ಕವಳಾಗಿದ್ದ ಮಗಳು ಹಗ್ಗ ಜಿಗಿಯಲು ಬೀದಿಗೆ ಇಳಿಯಬೇಕು. ದೇವರ ಹಾಡು, ಎದುರಾಡುವುದು ಹೇಗೆ?

ಮರುದಿನ ಮಗಳು ಡ್ರಿಲ್ ತಂದು ಇಟ್ಟಿಗೆಯ ಗೋಡೆಗೆ ತೂತು ಕೊರೆದಳು. ಕಬ್ಬಿಣದ ಬ್ರಾಕೆಟ್ ಬಿಗಿದು, ಹಲಗೆ ಕೂರಿಸಿ, ಪ್ಲೇಯರನ್ನು ಅದರ ಮೇಲಿಟ್ಟಳು. ಚಹ ಆರುವ ಮೊದಲೇ ಕೆಲಸ ಮುಗಿಯಿತು.

"ನೆಲ ಅಲುಗಾಡಿದ್ರೂ ಗೋಡೆ ಅಲುಗಾಡಲ್ಲಮ್ಮ. ಈಗ ನಡೆದು ನೋಡು."

"ಇಷ್ಟೇನಾ?"

"ಇಷ್ಟೇ."

ತಾಯಿಯ ಮುಖ ಕೆಂಪೇರಿತು. "ಹೇಳಿದ್ದೆ ಕಣೇ! ನೀನು ಹುಟ್ಟೋಕೆ ಮುಂಚೇನೇ ಹೇಳಿದ್ದೆ, ಗೋಡೆಗೆ ಹಾಕಿ ಅಂತ. 'ಚೆಂದದ ಗೋಡೆಗೆ ತೂತು ಹೊಡೆಯೋದಾ' ಅಂದ್ರು. ಗೋಡೆಗೆ ಇದ್ದ ಮರ್ಯಾದೆ ನನ್ನ ಕಾಲಿಗಿರಲಿಲ್ಲ!"

"ಹೋದವರ ಮೇಲೆ ಯಾಕಮ್ಮ ಸಿಟ್ಟು?"

"ಇದ್ದಾಗ ಸಿಟ್ಟು ಮಾಡ್ಕೊಂಡಿದ್ರೆ ಮುಳ್ಳು ಹಾರ್ತಿತ್ತಲ್ಲ! ಹಚ್ಚು ಹಾಡು."

ಹಾಡು ಶುರುವಾಯಿತು. ತಾಯಿ ಹಿಮ್ಮಡಿ ಊರಿ ಅಡುಗೆಮನೆಯ ತನಕ ದಡದಡ ನಡೆದಳು, ತಿರುಗಿ ಬಂದಳು. ಬೀರುವಿನ ಗಾಜು ಗಲಗಲ ಎಂದಿತು. ಕೆಳಗಿನ ಮನೆಯವರು ಕೋಲಿನಿಂದ ತಮ್ಮ ಚಾವಣಿ ಕುಟ್ಟಿದರು.

"ಕುಟ್ಟಲಿ!" ಎಂದು ಮತ್ತೊಮ್ಮೆ ಅಪ್ಪಳಿಸಿ ತುಳಿದಳು.

ಹಾಡು ಒಂದಕ್ಷರವೂ ತಪ್ಪದೆ ದೇವರ ಕರುಣೆಯನ್ನು ಹೊಗಳುತ್ತಲೇ ಹೋಯಿತು. ಅದು ಅವಳನ್ನು ಇನ್ನಷ್ಟು ಕೆರಳಿಸಿತು. ಕಾಲು ಸೋಲುವ ತನಕ ತುಳಿದು, ಏದುಸಿರು ಬಿಡುತ್ತ ಗಂಡನ ಕುರ್ಚಿಯಲ್ಲಿ ಕುಸಿದಳು.

ಹಾಡು ಮುಗಿದು ಮುಳ್ಳು ಒಳಗಿನ ಸುತ್ತಿನಲ್ಲಿ ಕರಕರ ಎನ್ನತೊಡಗಿತು. ಮಗಳು ಏಳಹೋದಳು.

"ಕೂತ್ಕೋ. ನಾನೇ ತೆಗೀತೀನಿ."

ತಾಯಿ ಎದ್ದು, ಉಸಿರು ಬಿಗಿಹಿಡಿದು, ಕೈ ಚಾಚಿ ಗೋಡೆಯತ್ತ ಹೋದಳು. ಹಲಗೆಗಳು ಸದ್ದು ಮಾಡಲಿಲ್ಲ. ಅವಳ ಹಿಮ್ಮಡಿಗಳು ನೆಲಕ್ಕೆ ತಾಗಿರಲಿಲ್ಲ.